ದಾನಕ್ಕಾಗಿ ಸೈಕಲ್: ದೂರದ ಗುಂಪು ಸವಾರಿಯ ಒಂದು ದಿನ ಹೇಗಿರುತ್ತದೆ?



ನಮ್ಮ ಸಂಘದ ಕೆಲವು ಯುವಕ ಯುವತಿಯರು ಕಾರ್ಯಕಾರಿ ಸಮಿತಿಗೆ ಒಂದು ಅರ್ಜಿ ಕೊಟ್ಟಿದ್ದಾರೆ. ಕುರಿಚಿಯಿಂದ ತಾಳವಾಡಿ ಭಾಗಕ್ಕೆ ಗುಂಪಾಗಿ ಸೈಕಲ್ ತುಳಿದುಕೊಂಡು ಹೋಗುವುದು, ಅದರ ಹೆಸರಿನಲ್ಲಿ ದೇಣಿಗೆ ಎತ್ತಿ ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಪುಸ್ತಕ, ಬ್ಯಾಗು ಮತ್ತು ವಿದ್ಯಾರ್ಥಿವೇತನ ಕೊಡುವುದು ಅವರ ಆಸೆ. ವಿಷಯ ಹೊರಗೆ ಬಿದ್ದ ಮೇಲೆ ಸತ್ಯಮಂಗಲ, ಗುಂಡ್ಲುಪೇಟೆ, ಚಾಮರಾಜನಗರ, ಗೂಡಲೂರು ಕಡೆಯ ಸದಸ್ಯರಿಂದ ಫೋನ್ ಬರುತ್ತಲೇ ಇದೆ. ಅರ್ಧ ಜನ “ಬಹಳ ಒಳ್ಳೆಯ ಕೆಲಸ” ಎನ್ನುತ್ತಾರೆ. ಉಳಿದ ಅರ್ಧ ಜನ “ಕೊಡುವ ದುಡ್ಡನ್ನು ನೇರವಾಗಿ ಕೊಟ್ಟರೆ ಆಯಿತು, ಅದಕ್ಕೆ ಸೈಕಲ್ ಯಾಕೆ ಸ್ವಾಮಿ?” ಎಂದು ಕೇಳುತ್ತಾರೆ. ಎರಡೂ ನ್ಯಾಯವಾದ ಮಾತೇ. ಮುಂದಿನ ಮಹಾಸಭೆಯಲ್ಲಿ ಈ ಅರ್ಜಿ ಚರ್ಚೆಗೆ ಬರುವುದರಿಂದ, ಇಂತಹ ಸವಾರಿ ಎಂದರೆ ಏನು, ಅದರ ಒಂದು ದಿನ ಹೇಗೆ ಸಾಗುತ್ತದೆ, ಹಣ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಎಲ್ಲರೂ ತಿಳಿದುಕೊಂಡು ಬರಲಿ ಎಂದು ಈ ಲೇಖನ.

ಇದು ಹೊಸದೇನಲ್ಲ

ಸೈಕಲ್ ತುಳಿದು ಒಳ್ಳೆಯ ಕೆಲಸಕ್ಕೆ ಜನರನ್ನು ಸೇರಿಸುವುದು ನಮ್ಮ ದೇಶಕ್ಕೆ ಹೊಸದಲ್ಲ. ಕುಷ್ಠರೋಗಿಗಳ ಸೇವೆಗಾಗಿ ಆನಂದವನ ಕಟ್ಟಿದ ಬಾಬಾ ಆಮ್ಟೆ ಅವರು 1985ರ ಡಿಸೆಂಬರ್‌ನಲ್ಲಿ ‘ಭಾರತ ಜೋಡೋ’ ಎಂದು ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ಹೊರಟಾಗ ನೂರಕ್ಕೂ ಹೆಚ್ಚು ಯುವಕ ಯುವತಿಯರು ಸೈಕಲ್ ಮೇಲಿದ್ದರು. ಬಾಬಾ ಅವರಿಗೆ ಆಗ ಎಪ್ಪತ್ತು ದಾಟಿತ್ತು, ಬೆನ್ನುಮೂಳೆಯ ತೊಂದರೆಯೂ ಇತ್ತು. ಆದರೂ ಜೊತೆಗೆ ಹೋದರು. ನಮ್ಮ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಅಕ್ಷರ ಚಳವಳಿಯ ಭಾಗವಾಗಿ ಸಾವಿರಾರು ಹಳ್ಳಿ ಹೆಂಗಸರು ಸೈಕಲ್ ಕಲಿತರು. “ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ” ಎಂದು ಫೋನಿನಲ್ಲಿ ಕೇಳಿದವರಿಗೆ ಅದೇ ಉತ್ತರ.

ದೇಣಿಗೆಗಾಗಿಯೇ ನಡೆಯುವ ಸವಾರಿಗಳು ಹೊರದೇಶದಲ್ಲಿ ಬಹಳ ಬೆಳೆದಿವೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1980ರಲ್ಲಿ 36 ಜನ ಸೇರಿ ಸೈಕಲ್ ತುಳಿದು, ಕ್ಯಾನ್ಸರ್ ಸಂಶೋಧನೆಗೆಂದು ಹತ್ತು ಸಾವಿರ ಡಾಲರ್ ಚಿಲ್ಲರೆ ಕೂಡಿಸಿದರು. ಅದೇ ‘ಪ್ಯಾನ್ ಮ್ಯಾಸ್ ಚಾಲೆಂಜ್’. ಈಗ ಅದರ ಒಟ್ಟು ಸಂಗ್ರಹ ನೂರು ಕೋಟಿ ಡಾಲರ್ ದಾಟಿದೆ.

ನಮ್ಮ ಮಗ್ಗುಲಲ್ಲೇ ಇರುವ ಉದಾಹರಣೆ ‘ಟೂರ್ ಆಫ್ ನೀಲಗಿರಿಸ್’. ಬೆಂಗಳೂರಿನ ರೈಡ್ ಎ ಸೈಕಲ್ ಫೌಂಡೇಶನ್‌ನವರು 2008ರಲ್ಲಿ ಶುರು ಮಾಡಿದ್ದು. ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ಒಂದು ವಾರ, ಕರ್ನಾಟಕ, ಕೇರಳ, ತಮಿಳುನಾಡು ಮೂರೂ ರಾಜ್ಯಗಳ ಬೆಟ್ಟದ ದಾರಿಯಲ್ಲಿ ನೂರಾರು ಕಿಲೋಮೀಟರ್ ತುಳಿಯುತ್ತಾರೆ. ಅದರಲ್ಲಿ ತಮಗಾಗಿ ತುಳಿಯುವವರ ಜೊತೆಗೆ ‘ಚಾರಿಟಿ ರೈಡರ್’ ಎಂದು ದೇಣಿಗೆ ಕೂಡಿಸಿಕೊಂಡು ಬರುವವರೂ ಇರುತ್ತಾರೆ. ಮೈಸೂರು, ಗುಂಡ್ಲುಪೇಟೆ ಕಡೆಯ ನಮ್ಮ ಸದಸ್ಯರಲ್ಲಿ ಕೆಲವರು ಆ ಸಾಲು ಹಾದುಹೋಗುವುದನ್ನು ನೋಡಿರಬಹುದು.

ಬೆಳಗಿನ ಜಾವದಿಂದ ಸಂಜೆಯವರೆಗೆ

ಇಂತಹ ಸವಾರಿಯ ದಿನ ಶುರುವಾಗುವುದು ಹಿಂದಿನ ರಾತ್ರಿಯೇ. ರಾತ್ರಿ ಊಟದ ಹೊತ್ತಿಗೆ ಎಲ್ಲರನ್ನೂ ಕೂರಿಸಿ ಮರುದಿನದ ದಾರಿ ವಿವರಿಸುತ್ತಾರೆ. ಎಷ್ಟು ಕಿಲೋಮೀಟರ್, ಎಲ್ಲಿ ಏರು, ಎಲ್ಲಿ ಇಳಿಜಾರು, ಎಲ್ಲಿ ರಸ್ತೆ ಕಿತ್ತುಹೋಗಿದೆ, ನೀರು ಎಲ್ಲಿ ಸಿಗುತ್ತದೆ, ಎಷ್ಟು ಗಂಟೆಯೊಳಗೆ ಎಲ್ಲಿಗೆ ತಲುಪಬೇಕು. ಆ ಗಂಟೆಯೊಳಗೆ ತಲುಪದವರನ್ನು ವ್ಯಾನಿಗೆ ಹತ್ತಿಸಿಕೊಳ್ಳುತ್ತಾರೆ. ಈ ವ್ಯಾನಿನ ವಿಷಯಕ್ಕೆ ಮತ್ತೆ ಬರುತ್ತೇನೆ. ಇಡೀ ವ್ಯವಸ್ಥೆಯ ಜೀವಾಳ ಅದೇ.

ಬೆಳಿಗ್ಗೆ ನಾಲ್ಕೂವರೆಗೆ ಎದ್ದರೆ ಐದೂವರೆ, ಆರಕ್ಕೆ ಹೊರಡಬಹುದು. ಹೊರಡುವ ಮುಂಚೆ ಪ್ರತಿಯೊಬ್ಬರೂ ತಮ್ಮ ಸೈಕಲ್ಲಿನ ಗಾಳಿ, ಬ್ರೇಕ್, ಚೈನ್ ನೋಡಬೇಕು. ಹಿಂದಿನ ಕೆಂಪು ದೀಪ ಉರಿಯಬೇಕು. ಹೆಲ್ಮೆಟ್ ಇಲ್ಲದವರನ್ನು ಗೇಟು ದಾಟಿಸುವುದಿಲ್ಲ. ಪ್ರತಿ ಸವಾರನ ಬಳಿ ಒಂದು ಹೆಚ್ಚುವರಿ ಟ್ಯೂಬು, ಸಣ್ಣ ಪಂಪು, ಎರಡು ಬಾಟಲಿ ನೀರು ಇರಬೇಕು. ಜೇಬಿನಲ್ಲಿ ಹೆಸರು, ರಕ್ತದ ಗುಂಪು, ಮನೆಯವರ ಫೋನ್ ನಂಬರ್ ಬರೆದ ಚೀಟಿಯೂ ಇರಬೇಕು.

ಇಪ್ಪತ್ತು ಜನ ಇದ್ದಾರೆಂದುಕೊಳ್ಳಿ. ಇಪ್ಪತ್ತೂ ಸೈಕಲ್ ಒಟ್ಟಿಗೆ ಹೋಗುವುದು ಮೆರವಣಿಗೆಗೆ ಚೆಂದ, ಹೆದ್ದಾರಿಗೆ ಅಪಾಯ. ಹಿಂದಿನಿಂದ ಬರುವ ಬಸ್ಸಿಗೆ ಅಷ್ಟು ಉದ್ದದ ಸಾಲನ್ನು ಒಂದೇ ಉಸಿರಿಗೆ ಹಿಂದೆ ಹಾಕಲು ಆಗುವುದಿಲ್ಲ. ಅದು ಅರ್ಧದಲ್ಲಿ ಎಡಕ್ಕೆ ತಿರುಗಿದರೆ ನಡುವೆ ಇರುವವರ ಗತಿ ಏನು? ಅದಕ್ಕೇ ಐದು, ಆರು ಜನರ ಸಣ್ಣ ಗುಂಪು ಮಾಡಿ, ಗುಂಪು ಗುಂಪಿನ ನಡುವೆ ಒಂದು ಬಸ್ಸು ನುಸುಳಿ ನಿಲ್ಲುವಷ್ಟು ಜಾಗ ಬಿಡುತ್ತಾರೆ. ಪ್ರತಿ ಗುಂಪಿಗೂ ಮುಂದೆ ದಾರಿ ತಿಳಿದವರೊಬ್ಬರು, ಹಿಂದೆ ಅನುಭವಸ್ಥರೊಬ್ಬರು. ಮುಂದಿನವರು ಗುಂಡಿ ಕಂಡರೆ ಕೈ ಕೆಳಗೆ ಮಾಡಿ ತೋರಿಸುತ್ತಾರೆ, ನಿಲ್ಲುವುದಾದರೆ ಅಂಗೈ ಹಿಂದಕ್ಕೆ ಚಾಚುತ್ತಾರೆ. ಹಿಂದಿನವರು ಲಾರಿ ಬಂದರೆ ಕೂಗಿ ಹೇಳುತ್ತಾರೆ. ಎಲ್ಲರಿಗಿಂತ ಕೊನೆಯಲ್ಲಿ ಒಬ್ಬರು ಇರುತ್ತಾರೆ. ಅವರನ್ನು ಬಿಟ್ಟು ಹಿಂದೆ ಯಾರೂ ಉಳಿಯಬಾರದು ಎಂಬುದು ನಿಯಮ.

ಸಮತಟ್ಟು ರಸ್ತೆಯಲ್ಲಿ ಗುಂಪಾಗಿ ಹೋಗುವುದರಿಂದ ಒಂದು ಲಾಭ ಇದೆ. ಮುಂದಿನ ಸವಾರ ಗಾಳಿಯನ್ನು ಸೀಳಿಕೊಂಡು ಹೋಗುವುದರಿಂದ ಹಿಂದಿನವನ ಶ್ರಮ ಉಳಿಯುತ್ತದೆ. ವೇಗ ಹೆಚ್ಚಿದಷ್ಟೂ ಉಳಿತಾಯವೂ ಹೆಚ್ಚು. ಅದಕ್ಕೇ ಮುಂದಿನ ಜಾಗವನ್ನು ಸರದಿ ಪ್ರಕಾರ ಬದಲಿಸುತ್ತಾರೆ. ಘಾಟಿಯಲ್ಲಿ ಮಾತ್ರ ವೇಗ ನಡಿಗೆಗೆ ಇಳಿಯುವುದರಿಂದ ಈ ಲಾಭ ಇಲ್ಲ. ಅಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಉಸಿರಿಗೆ ತಕ್ಕಂತೆ ಏರಬೇಕು.

ತಿನ್ನುವ ಕುಡಿಯುವ ಲೆಕ್ಕ

ದಿನದ ಮಧ್ಯೆ ಸುಸ್ತಾಗಿ ಬೀಳುವವರಲ್ಲಿ ಹೆಚ್ಚಿನವರಿಗೆ ಕಾಲಿನ ಶಕ್ತಿ ಕಡಿಮೆಯಾಗಿರುವುದಿಲ್ಲ, ಹೊಟ್ಟೆ ಬರಿದಾಗಿರುತ್ತದೆ. ದೇಹದಲ್ಲಿ ಕೂಡಿಟ್ಟ ಸಕ್ಕರೆಯ ಅಂಶ ಎರಡು, ಮೂರು ಗಂಟೆಯ ಕಠಿಣ ಶ್ರಮಕ್ಕೆ ಸಾಕು. ಆಮೇಲೆ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಹೊಟ್ಟೆಗೆ ಬೀಳುತ್ತಿರಬೇಕು. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಹಸಿವಾದ ಮೇಲೆ ತಿನ್ನುತ್ತೇನೆ ಎಂದರೆ ತಡವಾಯಿತು. ಮುಕ್ಕಾಲು ಗಂಟೆಗೊಮ್ಮೆ ಬಾಳೆಹಣ್ಣೋ, ಕಡಲೆಮಿಠಾಯಿಯೋ, ಎರಡು ಇಡ್ಲಿಯೋ ಹಾಕಿಕೊಳ್ಳುತ್ತಿರಬೇಕು.

ನೀರೂ ಹಾಗೆಯೇ. ನಮ್ಮ ಬಿಸಿಲಿಗೆ ಗಂಟೆಗೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರ್ ಬೇಕಾಗಬಹುದು. ಆದರೆ ಬರೀ ನೀರು ಲೀಟರುಗಟ್ಟಲೆ ಕುಡಿದರೂ ಅಪಾಯ. ಬೆವರಿನಲ್ಲಿ ಹೋದ ಉಪ್ಪು ಮರಳಿ ಬರದಿದ್ದರೆ ತಲೆ ಸುತ್ತಿ, ವಾಂತಿಯಾಗಿ, ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಪಾನಕ, ಎಳನೀರು ಇವೆಲ್ಲ ಒಳ್ಳೆಯವು. ಏನೂ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಭೇದಿಯಾದ ಮಕ್ಕಳಿಗೆ ಮನೆಯಲ್ಲಿ ಕೊಡುವ ಅದೇ ದ್ರಾವಣ.

ಘಾಟಿ ಎಂಬ ಪರೀಕ್ಷೆ

ಟೂರ್ ಆಫ್ ನೀಲಗಿರಿಸ್‌ನ ಹೆಸರುವಾಸಿ ದಿನವೆಂದರೆ ಕಲ್ಹಟ್ಟಿ ಘಾಟಿ ಏರುವ ದಿನ. ಮಸಿನಗುಡಿ ಕಡೆಯಿಂದ ಊಟಿಗೆ ಹೋಗುವ ದಾರಿ ಅದು. ಮೂವತ್ತಾರು ಕಡಿದಾದ ತಿರುವು. ಹನ್ನೆರಡು, ಹದಿಮೂರು ಕಿಲೋಮೀಟರ್ ದೂರದಲ್ಲಿ ಸಾವಿರ ಮೀಟರಿಗೂ ಹೆಚ್ಚು ಎತ್ತರ ಏರಬೇಕು. ಅಂದರೆ ಪ್ರತಿ ನೂರು ಹೆಜ್ಜೆಗೆ ಎಂಟು, ಒಂಬತ್ತು ಹೆಜ್ಜೆ ಮೇಲಕ್ಕೆ. ವರ್ಷಗಟ್ಟಲೆ ಅಭ್ಯಾಸ ಮಾಡಿದವರೂ ಅಲ್ಲಿ ಇಳಿದು ಸೈಕಲ್ ತಳ್ಳುತ್ತಾರೆ. ತಳ್ಳುವುದರಲ್ಲಿ ನಾಚಿಕೆ ಏನೂ ಇಲ್ಲ.

ಏರುವುದಕ್ಕಿಂತ ಇಳಿಯುವುದು ಹೆಚ್ಚು ಅಪಾಯ ಎಂಬುದನ್ನು ಮರೆಯಬಾರದು. ಇಳಿಜಾರಿನಲ್ಲಿ ಬ್ರೇಕನ್ನು ಹಿಡಿದೇ ಇದ್ದರೆ ಚಕ್ರದ ರಿಮ್ಮು ಕಾಯ್ದು ಟ್ಯೂಬು ಸಿಡಿಯಬಹುದು. ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನಲ್ಲಿ ಬ್ರೇಕ್ ಬಿಟ್ಟು ಸಾಗಬೇಕು. ಕೈ ಸೋತರೆ ನಿಂತು, ಬ್ರೇಕೂ ಕೈಯೂ ಎರಡೂ ಆರಲಿ ಎಂದು ಕಾಯಬೇಕು.

ವ್ಯಾನ್ ಹತ್ತುವುದು ಸೋಲಲ್ಲ

ಈಗ ಆ ವ್ಯಾನಿನ ವಿಷಯ. ಸವಾರರ ಹಿಂದೆ ನಿಧಾನಕ್ಕೆ ಬರುವ ಈ ಗಾಡಿಯಲ್ಲಿ ಮೆಕ್ಯಾನಿಕ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ನೀರು, ಹಣ್ಣು ಇರುತ್ತವೆ. ಮುಖ್ಯವಾಗಿ ಖಾಲಿ ಸೀಟುಗಳು ಇರುತ್ತವೆ. ಆಗದವರು ಸೈಕಲ್ಲನ್ನು ಮೇಲೆ ಕಟ್ಟಿಸಿ ಒಳಗೆ ಕೂರಬಹುದು. ಕೂರಲು ಜನ ಒಪ್ಪುವುದಿಲ್ಲ ಎಂಬುದೇ ತೊಂದರೆ. ಅದರಲ್ಲೂ ದಾನದ ಹೆಸರಿನಲ್ಲಿ ಹೊರಟವರಿಗೆ “ನೆಂಟರೆಲ್ಲ ದುಡ್ಡು ಕೊಟ್ಟಿದ್ದಾರೆ, ಅರ್ಧಕ್ಕೆ ನಿಂತರೆ ಏನೆಂದುಕೊಂಡಾರು” ಎಂಬ ಸಂಕೋಚ. ಎದೆ ಬಿಗಿದರೂ, ಕೈ, ದವಡೆ ನೋಯುತ್ತಿದ್ದರೂ, ತಣ್ಣನೆ ಬೆವರಿದರೂ ತುಳಿಯುತ್ತಲೇ ಇರುತ್ತಾರೆ. ಇವು ಹೃದಯದ ಎಚ್ಚರಿಕೆಗಳು. ಒಂದು ಕಂಡರೂ ಅಲ್ಲೇ ನಿಲ್ಲಬೇಕು, 108ಕ್ಕೆ ಕರೆ ಹೋಗಬೇಕು. ಈ ಸೇವೆ ಎರಡೂ ರಾಜ್ಯಗಳಲ್ಲಿ ಇದೆ.

ಈ ಸಂಕೋಚಕ್ಕೂ ಹಣ ಸಂಗ್ರಹಿಸುವ ರೀತಿಗೂ ನೇರ ಸಂಬಂಧ ಇದೆ. ಕೆಲವು ಕಡೆ “ಕಿಲೋಮೀಟರಿಗೆ ಇಷ್ಟು ರೂಪಾಯಿ” ಎಂದು ದೇಣಿಗೆ ಬರೆಸಿಕೊಳ್ಳುತ್ತಾರೆ. ಕಿಲೋಮೀಟರಿಗೆ ಹತ್ತು ರೂಪಾಯಿಯಂತೆ 150 ಕಿ.ಮೀ.ಗೆ 1,500 ರೂಪಾಯಿ. ಕೇಳಲು ಚೆನ್ನಾಗಿದೆ. ಆದರೆ ಸವಾರ 90ನೇ ಕಿಲೋಮೀಟರಿನಲ್ಲಿ ನಿಂತರೆ ಮಗುವಿಗೆ ಸೇರಬೇಕಾದ 600 ರೂಪಾಯಿ ಕಡಿಮೆಯಾಗುತ್ತದೆ. ಒಳ್ಳೆಯ ಮನಸ್ಸಿನ ಹುಡುಗನೇ ಆ 600 ರೂಪಾಯಿಗಾಗಿ ಜೀವಕ್ಕೆ ಸಂಚಕಾರ ತಂದುಕೊಳ್ಳುತ್ತಾನೆ. ಆದ್ದರಿಂದ ನನ್ನ ಖಚಿತ ಅಭಿಪ್ರಾಯ: ದೇಣಿಗೆ ಇಡಿಯಾಗಿ, ಮೊದಲೇ ಬರಬೇಕು. ಸವಾರ ಹತ್ತು ಕಿಲೋಮೀಟರ್ ತುಳಿಯಲಿ, ನೂರು ತುಳಿಯಲಿ, ಮಗುವಿನ ಪಾಲು ಕದಲಬಾರದು.

ಹಣದ ಲೆಕ್ಕ

ಜೀವಮಾನವಿಡೀ ಲೆಡ್ಜರ್ ಬರೆದವನಾದ್ದರಿಂದ ಈ ಭಾಗ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಉದಾಹರಣೆಗೆ ಇಪ್ಪತ್ತು ಸವಾರರು, ತಲಾ 5,000 ರೂಪಾಯಿ ಕೂಡಿಸಿದರು ಎನ್ನಿ. ಒಟ್ಟು ಒಂದು ಲಕ್ಷ. ವ್ಯಾನ್ ಬಾಡಿಗೆ, ಊಟ ತಿಂಡಿ, ತಂಗುವ ವ್ಯವಸ್ಥೆ, ಔಷಧ, ವಿಮೆ ಎಲ್ಲ ಸೇರಿ 45,000 ಖರ್ಚು ಎಂದು ಇಟ್ಟುಕೊಳ್ಳೋಣ. ಆ ಖರ್ಚನ್ನು ದೇಣಿಗೆಯಿಂದಲೇ ತೆಗೆದರೆ ಮಕ್ಕಳಿಗೆ ಉಳಿಯುವುದು 55,000. ಆಗ “ನನ್ನ ನೂರು ರೂಪಾಯಿಯಲ್ಲಿ 45 ರೂಪಾಯಿ ಇವರ ಪ್ರವಾಸಕ್ಕೆ ಹೋಯಿತು” ಎಂದು ದಾನಿ ಕೇಳಿದರೆ ನಮ್ಮ ಬಳಿ ಉತ್ತರ ಇಲ್ಲ.

ಬದಲಿಗೆ ಪ್ರತಿ ಸವಾರ ತನ್ನ ಖರ್ಚಿಗೆಂದು 1,500 ಪ್ರವೇಶಧನ ಕಟ್ಟಿದರೆ 30,000 ಆಯಿತು. ಉಳಿದ 15,000ಕ್ಕೆ ಒಬ್ಬಿಬ್ಬರು ಅಂಗಡಿಯವರೋ, ಕುರಿಚಿ ಸಿಡ್ಕೋ ಕೈಗಾರಿಕಾ ವಸಾಹತಿನ ಸಣ್ಣ ಕಾರ್ಖಾನೆಯವರೋ ಪ್ರಾಯೋಜಕರಾಗಿ ಬಂದರೆ ಸಾಕು. ಮಕ್ಕಳಿಗೆ ಪೂರ್ತಿ ಒಂದು ಲಕ್ಷ ಹೋಗುತ್ತದೆ. ನಾನು ಮೇಲೆ ಹೇಳಿದ ಅಮೆರಿಕದ ಸವಾರಿಯಲ್ಲೂ ಸವಾರರು ಕೂಡಿಸಿದ ಪ್ರತಿ ಡಾಲರೂ ಆಸ್ಪತ್ರೆಗೇ ಹೋಗುತ್ತದೆ, ನಡೆಸುವ ಖರ್ಚಿಗೆ ಪ್ರವೇಶಧನ ಮತ್ತು ಪ್ರಾಯೋಜಕರ ಹಣ ಬೇರೆ ಇರುತ್ತದೆ. ಜನ ನಂಬಿದ್ದು ಈ ಕಾರಣಕ್ಕೂ ಹೌದು.

ಎರಡು ಖಾತೆ, ಎರಡು ರಸೀದಿ ಪುಸ್ತಕ. ಇಷ್ಟು ಆದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಇನ್ನೊಂದು ಮಾತು. ತೆರಿಗೆ ವಿನಾಯಿತಿ ಸಿಗುತ್ತದೆಯೇ ಎಂದು ಕೆಲವರು ಕೇಳಿದ್ದಾರೆ. ಆದಾಯ ತೆರಿಗೆ ಕಾನೂನಿನ ಪ್ರಕಾರ, ಹಣ ಪಡೆಯುವ ಸಂಸ್ಥೆಗೆ ಅದಕ್ಕೆ ಬೇಕಾದ ನೋಂದಣಿ ಇದ್ದರೆ ಮಾತ್ರ ವಿನಾಯಿತಿ. ಅದೂ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ. 2,000 ರೂಪಾಯಿ ಮೀರಿ ನಗದಾಗಿ ಕೊಟ್ಟರೆ ಅದಕ್ಕೆ ವಿನಾಯಿತಿ ಇಲ್ಲ. ಆದ್ದರಿಂದ ದೊಡ್ಡ ಮೊತ್ತ ಕೊಡುವವರು ಚೆಕ್ಕಿನಲ್ಲೋ ಬ್ಯಾಂಕಿನ ಮೂಲಕವೋ ಕೊಡುವುದು ಒಳ್ಳೆಯದು.

ಹಾಗಾದರೆ ಸೈಕಲ್ ಯಾಕೆ?

ನೇರವಾಗಿ ಕೊಟ್ಟರೆ ಆಗದೇ ಎಂಬ ಪ್ರಶ್ನೆಗೆ ನಾನು ಕೊಡುವ ಉತ್ತರ ಇದು. ಆಗುತ್ತದೆ, ಕೊಡುವವರಿದ್ದರೆ. ಆದರೆ ವರ್ಷಕ್ಕೊಮ್ಮೆ ಸುತ್ತೋಲೆ ಕಳಿಸಿ “ದಯವಿಟ್ಟು ಉದಾರವಾಗಿ” ಎಂದು ಬರೆದರೆ ಎಷ್ಟು ಜನ ಕೊಡುತ್ತಾರೆ ಎಂಬುದು ಯಾವ ಸಂಘದ ಕಾರ್ಯದರ್ಶಿಗೂ ಗೊತ್ತು. ಕೊಡುವವರು ಪ್ರತಿ ವರ್ಷವೂ ಅವರೇ. ಒಬ್ಬ ಹುಡುಗಿ ತನ್ನ ಚಿಕ್ಕಪ್ಪನಿಗೆ, ಸೋದರತ್ತೆಗೆ, ಆಫೀಸಿನ ಗೆಳತಿಗೆ “ನಾನು ತುಳಿಯುತ್ತೇನೆ, ನೀವು ಆ ಮಕ್ಕಳಿಗೆ ಕೊಡಿ” ಎಂದು ಕೇಳಿದಾಗ ಸಂಘದ ಹೆಸರೇ ಕೇಳದವರೂ ಕೈ ಜೇಬಿಗೆ ಹಾಕುತ್ತಾರೆ. ಅವಳು ಕಷ್ಟಪಡಲು ಸಿದ್ಧಳಿದ್ದಾಳೆ ಎಂಬುದೇ ಅವಳ ಮಾತಿಗೆ ಜಾಮೀನು. ಹಿಂದೆ ನಮ್ಮವರು ಹರಕೆ ಹೊತ್ತು ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವಾಗ ದಾರಿಯ ಊರಿನವರು ಪಾನಕ, ಮಜ್ಜಿಗೆ ಕೊಡುತ್ತಿದ್ದರಲ್ಲ, ಅದೂ ಇದೇ ಭಾವನೆ.

ಎರಡನೆಯ ಲಾಭ ನಮ್ಮ ಸಂಘಕ್ಕೆ. ನಮ್ಮ ಮಕ್ಕಳು ಕೊಯಮತ್ತೂರಿನಲ್ಲಿ ಹುಟ್ಟಿ ಬೆಳೆದವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ತಾಳವಾಡಿ ಕಡೆ ಈರೋಡ್ ಜಿಲ್ಲೆಯಲ್ಲೇ ಕನ್ನಡದಲ್ಲಿ ಪಾಠ ಓದುವ ಮಕ್ಕಳಿದ್ದಾರೆ, ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಅಲ್ಲೇ ಇದೆ ಎಂಬುದು ಎಷ್ಟು ಯುವಕರಿಗೆ ಗೊತ್ತು? ನಮ್ಮಲ್ಲಿ ಹಲವರ ಹಿರಿಯರು ಮೇಲಿನ ಸೀಮೆಯಿಂದ ಇಳಿದು ಬಂದ ದಾರಿಯಲ್ಲೇ ಈ ಮಕ್ಕಳು ಒಮ್ಮೆ ಮೇಲಕ್ಕೆ ಹೋಗಲಿ.

ನಮ್ಮ ದಾರಿಯ ನಿಜವಾದ ತೊಡಕು

ಕುರಿಚಿ ಕೆರೆಯ ದಂಡೆಯಿಂದ ಹೊರಟರೆ ಉಕ್ಕಡಂ, ಗಾಂಧಿಪುರಂ, ಸರವಣಂಪಟ್ಟಿ, ಅಣ್ಣೂರು, ಪುಳಿಯಂಪಟ್ಟಿ, ಭವಾನಿ ನದಿ ದಾಟಿ ಸತ್ಯಮಂಗಲ, ಮುಂದೆ ಬಣ್ಣಾರಿ. ಸುಮಾರು 85–90 ಕಿಲೋಮೀಟರ್. ಬಹುಪಾಲು ಸಮತಟ್ಟು. ಬೆಳಿಗ್ಗೆ ಐದಕ್ಕೆ ಹೊರಟು, ಗಂಟೆಗೆ 18 ಕಿ.ಮೀ. ಲೆಕ್ಕದಲ್ಲಿ ಐದು ಗಂಟೆ ತುಳಿತ, ಒಂದೂವರೆ ಗಂಟೆ ವಿಶ್ರಾಂತಿ ಎಂದರೆ ಹನ್ನೊಂದೂವರೆಗೆ ಬಣ್ಣಾರಿ ಅಮ್ಮನ ಗುಡಿಯ ಮುಂದೆ ಇರಬಹುದು.

ತೊಡಕು ಅಲ್ಲಿಂದ ಮುಂದೆ. ದಿಂಬಂ ಘಾಟಿಯ 27 ತಿರುವುಗಳು ಇರುವುದು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಒಳಗೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ಈ ದಾರಿಯಲ್ಲಿ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧ ಇದೆ. ಬಂಡೀಪುರದಲ್ಲಿ 2009ರಿಂದಲೇ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಇಂತಹ ನಿರ್ಬಂಧ ಇರುವುದು ನಿಮಗೆ ತಿಳಿದೇ ಇದೆ. ರಾತ್ರಿ ನಿಂತ ಲಾರಿಗಳೆಲ್ಲ ಬೆಳಕು ಹರಿದ ಮೇಲೆ ಒಟ್ಟಿಗೆ ಘಾಟಿ ಹತ್ತುತ್ತವೆ. ಹಾಸನೂರು ಕಡೆ ಕಬ್ಬಿನ ಲಾರಿಗೆ ಕಾದು ರಸ್ತೆಗೆ ಬರುವ ಆನೆಗಳನ್ನು ನಮ್ಮಲ್ಲಿ ಹಲವರು ಬಸ್ಸಿನ ಕಿಟಕಿಯಿಂದ ನೋಡಿದ್ದೇವೆ. ಸೈಕಲ್ಲಿಗೆ ಕಿಟಕಿ ಇಲ್ಲ. ಸದ್ದೂ ಇಲ್ಲ, ಆದ್ದರಿಂದ ತಿರುವಿನಾಚೆ ನಿಂತ ಆನೆಗೆ ನಾವು ಬರುವುದು ತಿಳಿಯುವುದಿಲ್ಲ. ಮೊಬೈಲ್ ಸಿಗ್ನಲ್ ಕಾಡಿನೊಳಗೆ ನಂಬುವ ಹಾಗಿಲ್ಲ.

ಘಾಟಿಯೇ ಇಲ್ಲದಿದ್ದರೆ ಸವಾರಿಗೆ ಅರ್ಥವೇನು ಎಂದು ಯುವಕರು ಕೇಳುತ್ತಾರೆ. ಅವರ ಉತ್ಸಾಹ ನನಗೆ ಅರ್ಥವಾಗುತ್ತದೆ. ಆದರೆ ಮಕ್ಕಳಿಗೆ ಪುಸ್ತಕ ಕೊಡಲು ಹೊರಟ ನಾವು ಒಂದು ಮನೆಯ ಮಗನನ್ನೋ ಮಗಳನ್ನೋ ಪಣಕ್ಕೆ ಇಡಲಾಗದು. ಆದ್ದರಿಂದ ಸಮಿತಿಯ ಮುಂದೆ ನಾನು ಇಡುವ ಸಲಹೆಗಳು ಇವು:

1. ಮೊದಲ ದಿನ ಕುರಿಚಿಯಿಂದ ಬಣ್ಣಾರಿಯವರೆಗೆ ಸೈಕಲ್, ರಾತ್ರಿ ಸತ್ಯಮಂಗಲದಲ್ಲಿ ತಂಗುವುದು. ಎರಡನೆಯ ದಿನ ಬೆಳಕಾದ ಮೇಲೆ ಕಾಡಿನ ಭಾಗವನ್ನು ಸೈಕಲ್ ಸಮೇತ ವಾಹನದಲ್ಲಿ ದಾಟಿ, ಕಾಡು ಮುಗಿದ ಮೇಲೆ ಮತ್ತೆ ತುಳಿಯುವುದು.

2. ಅರಣ್ಯ ಇಲಾಖೆ ಮತ್ತು ಪೊಲೀಸರಿಗೆ ಬರವಣಿಗೆಯಲ್ಲಿ ತಿಳಿಸಿ, ಅವರ ಉತ್ತರ ಬರವಣಿಗೆಯಲ್ಲೇ ಬಂದ ಮೇಲೆ ದಿನಾಂಕ ಗೊತ್ತು ಮಾಡುವುದು.

3. ಹದಿನೆಂಟು ತುಂಬದವರಿಗೆ ಅವಕಾಶ ಬೇಡ. ನಲವತ್ತು ದಾಟಿದವರು ವೈದ್ಯರ ಚೀಟಿ ತರಬೇಕು. ಎಲ್ಲರೂ ಮುಂಚಿನ ಎರಡು ತಿಂಗಳಲ್ಲಿ ಕನಿಷ್ಠ ಎರಡು ಬಾರಿ 60 ಕಿ.ಮೀ. ತುಳಿದಿರಬೇಕು.

4. ದೇಣಿಗೆ ಮೊದಲೇ, ಇಡಿಯಾಗಿ. ಖರ್ಚಿನ ಖಾತೆ ಬೇರೆ. ಸವಾರಿ ಮುಗಿದ ಮೂವತ್ತು ದಿನದೊಳಗೆ ಲೆಕ್ಕಪತ್ರ ಈ ಪುಟದಲ್ಲಿ ಪ್ರಕಟ.

5. ವ್ಯಾನ್ ಹತ್ತಿದವರ ಹೆಸರನ್ನು ಎಲ್ಲಿಯೂ ಬೇರೆಯಾಗಿ ಹೇಳುವ ಹಾಗಿಲ್ಲ. ಪ್ರಮಾಣಪತ್ರ ಎಲ್ಲರಿಗೂ ಒಂದೇ.

ತುಳಿಯಲಾಗದ ನಮ್ಮಂತಹ ಹಿರಿಯರಿಗೂ ಕೆಲಸ ಇದೆ. ಅಣ್ಣೂರು, ಪುಳಿಯಂಪಟ್ಟಿ, ಸತ್ಯಮಂಗಲದಲ್ಲಿ ಮಜ್ಜಿಗೆ, ಬಾಳೆಹಣ್ಣು ಹಿಡಿದು ನಿಲ್ಲುವವರು ಬೇಕು. ರಸೀದಿ ಬರೆಯುವವರು ಬೇಕು. ತಾಳವಾಡಿ ಕಡೆಯ ಸದಸ್ಯರು ಶಾಲೆಗಳಿಗೆ ಹೋಗಿ ಮುಖ್ಯೋಪಾಧ್ಯಾಯರನ್ನು ಕಂಡು, ಮಕ್ಕಳಿಗೆ ನಿಜಕ್ಕೂ ಏನು ಬೇಕು ಎಂದು ಮೊದಲೇ ಕೇಳಿ ಪಟ್ಟಿ ತರಬೇಕು. ನಾವು ಬ್ಯಾಗು ಹೊತ್ತು ಹೋದಾಗ ಅವರಿಗೆ ಬೇಕಾಗಿದ್ದು ಬಸ್ ಚಾರ್ಜು ಎಂದಾಗಬಾರದು.

ಸಲಹೆಗಳಿಗೆ ಒಪ್ಪಿಗೆಯೋ, ತಿದ್ದುಪಡಿಯೋ, ವಿರೋಧವೋ ಏನಿದ್ದರೂ ಮಹಾಸಭೆಗೆ ಒಂದು ವಾರ ಮುಂಚೆ ಬರವಣಿಗೆಯಲ್ಲಿ ಕಳಿಸಿ. ಫೋನಿನಲ್ಲಿ ಹೇಳಿದ್ದನ್ನು ನಡವಳಿ ಪುಸ್ತಕದಲ್ಲಿ ಬರೆಯಲು ಬರುವುದಿಲ್ಲ. ಘಾಟಿಯ ವಿಷಯದಲ್ಲಿ ಯುವಕರ ವಾದವನ್ನೂ ಸಭೆ ಪೂರ್ತಿ ಕೇಳಬೇಕು. ಅದಕ್ಕಾಗಿ ಅರ್ಜಿದಾರರಿಗೆ ಹದಿನೈದು ನಿಮಿಷ ಸಮಯ ಇಡಲಾಗಿದೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ಕುರಿಚಿ, ಕೊಯಮತ್ತೂರು